ನಲವತ್ತು ಪುಟಕ್ಕೆ ಒಂದೇ ತಲೆಪಟ್ಟಿ

ಬಿಸಿಎ ಅಥವಾ ಡಿಪ್ಲೊಮಾ ಓದುವ ಮಕ್ಕಳು ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದಂತೆ ಮನೆಯಲ್ಲಿ ‘ಪ್ರಾಜೆಕ್ಟ್’ ಎಂಬ ಮಾತು ಕೇಳಿಬರತೊಡಗುತ್ತದೆ. ಬಹಳಷ್ಟು ಹುಡುಗ ಹುಡುಗಿಯರು ವೆಬ್‌ಸೈಟ್ ಮಾಡಲು ಹೊರಡುತ್ತಾರೆ. ವಿಷಯಕ್ಕೆ ದೂರ ಹೋಗಬೇಕಾಗಿಲ್ಲ. ತಮ್ಮ ಊರು, ತಮ್ಮ ಶಾಲೆ, ಸೋದರಮಾವನ ಅಂಗಡಿ, ಯಾವುದಾದರೂ ಆದೀತು. ಮುಗಿದ ಮೇಲೆ ತಂದೆತಾಯಿಗೆ ತೋರಿಸುತ್ತಾರೆ. ಬಣ್ಣ ಚೆನ್ನಾಗಿದೆ, ಚಿತ್ರ ಚೆನ್ನಾಗಿದೆ, ಮೇಲಿನ ಗುಂಡಿ ಒತ್ತಿದರೆ ಬೇರೆ ಪುಟ ಬರುತ್ತದೆ. ತಂದೆತಾಯಿಗೆ ಸಂತೋಷ, ಪರೀಕ್ಷಕರಿಗೂ ಹೆಚ್ಚು ಹೊತ್ತು ಇರುವುದಿಲ್ಲ. ಆದರೆ ಆ ಸೈಟು ಎರಡು ವರ್ಷದ ನಂತರವೂ ಉಪಯೋಗಕ್ಕೆ ಬರುವಂಥದೋ ಇಲ್ಲವೋ ಎಂಬುದು ಬಣ್ಣದಲ್ಲಿ ಕಾಣುವುದಿಲ್ಲ. ಎಲ್ಲ ಪುಟಗಳ ಮೇಲೂ ಒಂದೇ ರೀತಿ ಕಾಣಿಸಿಕೊಳ್ಳುವ ತಲೆಪಟ್ಟಿ, ಎಡಗಡೆಯ ಮೆನು, ಕೆಳಗಿನ ಅಡಿಪಟ್ಟಿ ಇವುಗಳನ್ನು ಹೇಗೆ ಇಟ್ಟಿದ್ದಾರೆ ಎಂಬುದರಲ್ಲಿ ಅದು ಅಡಗಿದೆ. ಇದಕ್ಕೆ ಟೆಂಪ್ಲೇಟ್ ಎನ್ನುತ್ತಾರೆ. ಪುಟಗಳ ಚೌಕಟ್ಟು ಎಂದರೂ ನಡೆದೀತು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸೇಡಂನ ಒಬ್ಬ ವಿದ್ಯಾರ್ಥಿನಿ 2013ರಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳ ಮಾಹಿತಿ ಕೊಡುವ ಸೈಟ್ ಮಾಡಿದಳು ಎಂದಿಟ್ಟುಕೊಳ್ಳಿ. ಪ್ರತಿ ಊರಿಗೂ ಎಂಟು ಪುಟ: ಪರಿಚಯ, ಇತಿಹಾಸ, ನೋಡತಕ್ಕ ಸ್ಥಳಗಳು, ಬೆಳೆ ಮತ್ತು ಕೈಗಾರಿಕೆ, ಶಾಲೆ ಕಾಲೇಜು, ಆಸ್ಪತ್ರೆ, ಬಸ್ಸು ಮತ್ತು ರೈಲು, ಸಂಪರ್ಕ. ಒಟ್ಟು 40 ಪುಟ. ಬರೆಯಲು ವಿಷಯಕ್ಕೆ ಬರವಿಲ್ಲ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮಳಖೇಡ ಉಂಟು, ರಾಷ್ಟ್ರಕೂಟರ ಮಾನ್ಯಖೇಟ. ಚಿತ್ತಾಪುರದ ಪಾಲಿಗೆ ನಾಗಾವಿಯೂ ಸನ್ನತಿಯೂ ಇವೆ. ವಾಡಿ ರೈಲ್ವೆ ಜಂಕ್ಷನ್, ಸಿಮೆಂಟಿನ ಊರು. ಶಹಾಬಾದ್ ಎಂದರೆ ಪರಸಿ ಕಲ್ಲು, ದಕ್ಷಿಣ ಭಾರತದ ಎಷ್ಟೋ ಮನೆಗಳ ನೆಲ. ಚಿಂಚೋಳಿಯಲ್ಲಿ ವನ್ಯಜೀವಿ ಧಾಮ, ಚಂದ್ರಂಪಳ್ಳಿ ಜಲಾಶಯ. ಹುಡುಗಿ ಕಷ್ಟಪಟ್ಟು ಎಲ್ಲವನ್ನೂ ಬರೆದಳು. ಪ್ರತಿ ಪುಟದ ಮೇಲ್ಗಡೆ ‘ಗುಲ್ಬರ್ಗಾ ಜಿಲ್ಲೆಯ ಐದು ಊರುಗಳು’ ಎಂದೂ, ಕೆಳಗಡೆ ‘ಹೈದರಾಬಾದ್ ಕರ್ನಾಟಕ’ ಎಂದೂ ಹಾಕಿದಳು. ಮೊದಲ ಪುಟವನ್ನು ಸರಿಯಾಗಿ ಮಾಡಿಕೊಂಡು, ಅದನ್ನೇ 39 ಸಲ ಕಾಪಿ ಮಾಡಿ, ನಡುವಿನ ವಿಷಯ ಮಾತ್ರ ಬದಲಿಸಿದಳು. ಹತ್ತರಲ್ಲಿ ಒಂಬತ್ತು ಮಂದಿ ಮೊದಲ ಸಲ ಹೀಗೆಯೇ ಮಾಡುವುದು.

ಆಮೇಲೆ ಏನಾಯಿತೆಂಬುದಕ್ಕೆ ಕಲ್ಪನೆ ಬೇಡ, ಅದು ಎಲ್ಲರಿಗೂ ಗೊತ್ತಿರುವ ಚರಿತ್ರೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. 2018ರಲ್ಲಿ ಶಹಾಬಾದ್ ಚಿತ್ತಾಪುರದಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. 2021ರಲ್ಲಿ ಈ ಭಾಗದ ಬಸ್ಸುಗಳ ಮೇಲಿನ ಈಶಾನ್ಯ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಎಂಟು ವರ್ಷದಲ್ಲಿ ನಾಲ್ಕು ಬದಲಾವಣೆ. ಇದರಲ್ಲಿ ಎರಡು ನೇರವಾಗಿ ನಲವತ್ತೂ ಪುಟಗಳ ತಲೆಗೆ ಮತ್ತು ಬುಡಕ್ಕೆ ಬಂದು ತಾಗುವಂಥವು.

ಒಂದು ಪುಟ ತೆರೆದು, ತಿದ್ದಿ, ಉಳಿಸಿ, ಮತ್ತೆ ಸರ್ವರಿಗೆ ಏರಿಸಲು ಮೂರು ನಿಮಿಷ ಹಿಡಿದರೆ ನಲವತ್ತಕ್ಕೆ 120 ನಿಮಿಷ. ಎರಡು ಗಂಟೆಯೇನೂ ದೊಡ್ಡದಲ್ಲ ಎನ್ನಬಹುದು. ತೊಂದರೆ ಸಮಯದ್ದಲ್ಲ. ಮೂವತ್ತೆಂಟನೆಯ ಪುಟ ತಪ್ಪಿಹೋಗುತ್ತದೆ. ಚಿಂಚೋಳಿಯ ಆಸ್ಪತ್ರೆ ಪುಟ ಮಾತ್ರ ಹಳೆಯ ಹೆಸರಿನಲ್ಲಿ, ಹಳೆಯ ಫೋನ್ ಸಂಖ್ಯೆಯೊಂದಿಗೆ ಉಳಿದುಬಿಡುತ್ತದೆ. ರಾತ್ರಿ ಹೊತ್ತು ರೋಗಿಯನ್ನು ಕರೆದುಕೊಂಡು ಹೊರಟವರು ನೋಡುವುದು ಅದೇ ಪುಟವನ್ನು.

‘ಹುಡುಕಿ ಬದಲಿಸು’ ಎಂಬ ಸೌಲಭ್ಯ ಇದೆಯಲ್ಲ, ಒಂದೇ ಏಟಿಗೆ ನಲವತ್ತು ಫೈಲುಗಳಲ್ಲೂ ಬದಲಿಸಬಹುದಲ್ಲ ಎಂದು ಜಾಣ ಹುಡುಗರು ಕೇಳುತ್ತಾರೆ. ಇಂಗ್ಲಿಷಿನಲ್ಲಿ ಇದು ಅರ್ಧ ನಡೆಯುತ್ತದೆ, ಕನ್ನಡದಲ್ಲಿ ಕಾಲು ಭಾಗವೂ ನಡೆಯುವುದಿಲ್ಲ. ‘ಗುಲ್ಬರ್ಗಾ’ ಇದ್ದಲ್ಲೆಲ್ಲ ‘ಕಲಬುರಗಿ’ ಹಾಕು ಎಂದು ಯಂತ್ರಕ್ಕೆ ಹೇಳಿದರೆ ‘ಗುಲ್ಬರ್ಗಾದಲ್ಲಿ’ ಎಂಬುದು ‘ಕಲಬುರಗಿದಲ್ಲಿ’ ಆಗುತ್ತದೆ, ‘ಗುಲ್ಬರ್ಗಾಕ್ಕೆ’ ಎಂಬುದು ‘ಕಲಬುರಗಿಕ್ಕೆ’ ಆಗುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಅದು ಅರಿಯದು. ‘ಗುಲಬರ್ಗಾ’ ಎಂದು ಒಂದೆಡೆ, ‘ಗುಲ್ಬರ್ಗ’ ಎಂದು ಇನ್ನೊಂದೆಡೆ ಬರೆದಿದ್ದರೆ ಅವು ಕಣ್ಣಿಗೇ ಬೀಳುವುದಿಲ್ಲ. ಇದಕ್ಕಿಂತ ದೊಡ್ಡದು, ಬದಲಿಸಬಾರದ್ದೂ ಬದಲಾಗುತ್ತದೆ. ಊರಿನ ಹೆಸರು ಬದಲಾದರೂ ಗುಲ್ಬರ್ಗಾ ವಿಶ್ವವಿದ್ಯಾಲಯ ತನ್ನ ಹೆಸರನ್ನು ಉಳಿಸಿಕೊಂಡಿತು. ಯಂತ್ರ ಅದನ್ನೂ ಬಿಡದೆ, ಇಲ್ಲದ ವಿಶ್ವವಿದ್ಯಾಲಯವೊಂದನ್ನು ಸೃಷ್ಟಿಸುತ್ತದೆ. ‘ಹೈದರಾಬಾದ್’ ತೆಗೆದು ‘ಕಲ್ಯಾಣ’ ಹಾಕಲು ಹೊರಟವರ ಗತಿಯಂತೂ ಕೇಳುವುದೇ ಬೇಡ. ವಾಡಿಯಿಂದ ಸೇಡಂ ಮೂಲಕ ಪೂರ್ವಕ್ಕೆ ಹೈದರಾಬಾದಿಗೆ ಹೋಗುವ ರೈಲುಗಳೆಲ್ಲ ಪುಟದ ಮೇಲೆ ಮುಂಬೈ ಹತ್ತಿರದ ಕಲ್ಯಾಣದ ಕಡೆಗೆ, ಅಂದರೆ ತದ್ವಿರುದ್ಧ ದಿಕ್ಕಿಗೆ ಹೊರಟುಬಿಡುತ್ತವೆ.

ಪ್ರತಿ ಪುಟದಲ್ಲೂ ಒಂದೇ ಚೌಕಟ್ಟನ್ನು ಕೈಯಿಂದ ಬರೆಯುವ ಪದ್ಧತಿ ಈ ಭಾಗಕ್ಕೆ ಹೊಸದೇನೂ ಅಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಪ್ರಸಿದ್ಧ ಶಾಸನವಿದೆ. ಅಲ್ಲಿನ ಘಟಿಕಾಸ್ಥಾನದ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ, ಗ್ರಂಥಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಏರ್ಪಾಟು ಮಾಡಿದ್ದನ್ನು ಅದು ತಿಳಿಸುತ್ತದೆ. ಕನ್ನಡ ನಾಡಿನ ದಾನಶಾಸನಗಳನ್ನು ನಾಲ್ಕಾರು ಓದಿದವರಿಗೆ ಅವುಗಳ ಅಚ್ಚು ಗೊತ್ತಾಗುತ್ತದೆ. ಮೊದಲು ದೇವತಾಸ್ತುತಿ, ಆಮೇಲೆ ರಾಜನ ಬಿರುದಾವಳಿ, ಕಾಲ, ದಾನದ ವಿವರ, ಕೊನೆಗೆ ದಾನ ಕೆಡಿಸಿದವರಿಗೆ ಶಾಪ. ತಲೆಪಟ್ಟಿಯೂ ಅಡಿಪಟ್ಟಿಯೂ ಹೆಚ್ಚುಕಡಿಮೆ ಒಂದೇ, ನಡುವಿನ ವಿಷಯ ಮಾತ್ರ ಬೇರೆ. ಕಲ್ಲಿನ ಮೇಲೆ ಬೇರೆ ದಾರಿಯೂ ಇರಲಿಲ್ಲ, ಬದಲಿಸುವ ಅಗತ್ಯವೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಬರೆದದ್ದು ಕಲ್ಲಿನಲ್ಲಿ ಕೊರೆದದ್ದಲ್ಲ, ಆದರೂ ಕಾಪಿ ಮಾಡಿದ ನಲವತ್ತು ಪುಟ ನಲವತ್ತು ಶಾಸನಗಳಂತೆಯೇ ಜಡವಾಗಿ ಕೂತಿರುತ್ತವೆ.

ಹಾಗಾದರೆ ತಲೆಪಟ್ಟಿಯನ್ನು ಒಂದೇ ಕಡೆ ಬರೆದು ನಲವತ್ತು ಕಡೆ ಕಾಣಿಸುವಂತೆ ಮಾಡುವುದು ಹೇಗೆ? ದಾರಿಗಳು ಹಲವು. ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕಬೇಕು. ತರಗತಿಯಲ್ಲಿ ಸಿಎಸ್ಎಸ್ ಕಲಿತ ಮಕ್ಕಳು, ಎಲ್ಲ ಪುಟಕ್ಕೂ ಒಂದೇ ಸಿಎಸ್ಎಸ್ ಫೈಲ್ ಕೊಟ್ಟಿದ್ದೇವೆ, ಆದ್ದರಿಂದ ಎಲ್ಲ ಒಂದೇ ತರಹ ಇದೆ ಎನ್ನುತ್ತಾರೆ. ಅದು ಬಣ್ಣ, ಅಕ್ಷರದ ಗಾತ್ರ, ಅಂಚಿನ ಅಳತೆ ಇವುಗಳನ್ನು ಒಂದೇ ಕಡೆ ಇಡುತ್ತದೆ, ಅಷ್ಟು ನಿಜ. ತಲೆಪಟ್ಟಿಯಲ್ಲಿರುವ ಮಾತನ್ನು, ಮೆನುವಿನಲ್ಲಿರುವ ಕೊಂಡಿಗಳನ್ನು ಅದು ಇಟ್ಟುಕೊಳ್ಳುವುದಿಲ್ಲ. ಗೋಡೆಗೆ ಬಣ್ಣ ಒಂದೇ ಡಬ್ಬಿಯಿಂದ ಬಂದರೂ ಬಾಗಿಲ ಮೇಲಿನ ಹೆಸರನ್ನು ಮನೆಮನೆಗೂ ಹೋಗಿ ಬರೆಯಬೇಕಾಗುತ್ತದೆ.

ಹಳೆಯ ದಾರಿ ಫ್ರೇಮ್. ತೊಂಬತ್ತರ ದಶಕದ ನಡುವೆ ನೆಟ್‌ಸ್ಕೇಪ್ ಬ್ರೌಸರಿನೊಂದಿಗೆ ಬಂದದ್ದು. ಪರದೆಯನ್ನು ಕಿಟಕಿಗಳಂತೆ ಭಾಗ ಮಾಡಿ, ಒಂದು ಕಿಟಕಿಯಲ್ಲಿ ಮೆನು ಸದಾ ನಿಂತಿರುವಂತೆ, ಇನ್ನೊಂದರಲ್ಲಿ ವಿಷಯ ಬದಲಾಗುವಂತೆ ಮಾಡುತ್ತಿದ್ದರು. ಆಗ ಅದು ಜಾದೂವಿನಂತೆ ಕಂಡಿತ್ತು. ಆದರೆ ಹುಡುಕುಯಂತ್ರದ ಮೂಲಕ ಒಳಗಿನ ಪುಟಕ್ಕೆ ನೇರವಾಗಿ ಬಂದವರಿಗೆ ಮೆನುವೇ ಕಾಣುತ್ತಿರಲಿಲ್ಲ. ಯಾವ ಪುಟ ನೋಡುತ್ತಿದ್ದರೂ ಮೇಲಿನ ವಿಳಾಸ ಒಂದೇ ಆಗಿರುತ್ತಿತ್ತು. 2014ರ ಎಚ್‌ಟಿಎಂಎಲ್5 ಇದನ್ನು ಕೈಬಿಟ್ಟಿತು. ಇನ್ನೂ ಇದನ್ನೇ ಕಲಿಸುವ ನೋಟ್ಸ್ ಸಿಕ್ಕರೆ ಓದಿ ಪಕ್ಕಕ್ಕಿಡುವುದು ಒಳ್ಳೆಯದು.

ಜಾವಾಸ್ಕ್ರಿಪ್ಟ್ ಮೂಲಕ, ಪುಟ ತೆರೆದ ಮೇಲೆ ತಲೆಪಟ್ಟಿಯನ್ನು ತಂದು ಅಂಟಿಸುವ ದಾರಿಯೂ ಉಂಟು. ಕಾಲೇಜಿನ ಲ್ಯಾಬಿನಲ್ಲಿ ಚೆನ್ನಾಗಿ ಕಾಣುತ್ತದೆ. ಸಿಗ್ನಲ್ ಬಂದು ಹೋಗಿ ಮಾಡುವ ಕಡೆ ಮೊಬೈಲಿನಲ್ಲಿ ತೆರೆದರೆ ಮೊದಲು ಬರೀ ವಿಷಯ ಬಂದು, ಸ್ವಲ್ಪ ಹೊತ್ತಿನ ಮೇಲೆ ತಲೆ ಬಂದು ಕೂತು, ಓದುತ್ತಿದ್ದ ಸಾಲು ಕೆಳಗೆ ಜಾರಿಹೋಗುತ್ತದೆ. ಕೆಲವೊಮ್ಮೆ ತಲೆ ಬರುವುದೇ ಇಲ್ಲ. ಸಣ್ಣ ಪ್ರಯೋಗಕ್ಕೆ ಸರಿ, ಊರಿನ ಜನ ನಂಬಿ ನೋಡುವ ಸೈಟಿಗೆ ಬೇಡ.

ಇನ್ನು ವಿಚಾರ ಮಾಡಬೇಕಾದವು ಮೂರು. ಇವುಗಳ ನಡುವಣ ವ್ಯತ್ಯಾಸವನ್ನು ನಿಧಾನವಾಗಿ ನೋಡಬೇಕು.

ಒಂದನೆಯದು ಇನ್‌ಕ್ಲೂಡ್, ಸೇರಿಸುವ ಪದ್ಧತಿ. ತಲೆಪಟ್ಟಿಯನ್ನು ಒಂದು ಫೈಲಿನಲ್ಲಿ, ಅಡಿಪಟ್ಟಿಯನ್ನು ಇನ್ನೊಂದು ಫೈಲಿನಲ್ಲಿ ಬರೆದಿಡುವುದು. ನಲವತ್ತು ಪುಟಗಳಲ್ಲಿ ಪ್ರತಿಯೊಂದರ ಆರಂಭದಲ್ಲೂ ‘ಇಲ್ಲಿ ತಲೆಪಟ್ಟಿ ಸೇರಿಸು’ ಎಂಬ ಒಂದು ಸಾಲು, ಕೊನೆಯಲ್ಲಿ ‘ಇಲ್ಲಿ ಅಡಿಪಟ್ಟಿ ಸೇರಿಸು’ ಎಂಬ ಇನ್ನೊಂದು ಸಾಲು. ಪುಟ ಬೇಕೆಂದು ಯಾರಾದರೂ ಕೇಳಿದಾಗ ಸರ್ವರ್ ಇವನ್ನು ಜೋಡಿಸಿ ಕೊಡುತ್ತದೆ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರತಂದ ಪಿಎಚ್‌ಪಿ ಭಾಷೆ ಇಷ್ಟು ಹಬ್ಬಿದ್ದಕ್ಕೆ ಈ ಕೆಲಸವನ್ನು ಅದು ಸುಲಭ ಮಾಡಿದ್ದೂ ಒಂದು ಕಾರಣ. ಕಲಿಯಲು ಒಂದು ಮಧ್ಯಾಹ್ನ ಸಾಕು. ಗುಲ್ಬರ್ಗಾ ಕಲಬುರಗಿಯಾದ ದಿನ ಒಂದು ಫೈಲ್ ತಿದ್ದಿದರೆ ನಲವತ್ತು ಪುಟದ ತಲೆಯೂ ಬದಲಾಗುತ್ತದೆ. ಆದರೆ ಎರಡು ಮಾತು ನೆನಪಿಡಬೇಕು. ಇದಕ್ಕೆ ಪಿಎಚ್‌ಪಿ ನಡೆಸುವ ಸರ್ವರ್ ಬೇಕು. ಗಿಟ್‌ಹಬ್ ಪೇಜಸ್‌ನಂಥ ಉಚಿತ ಜಾಗಗಳಲ್ಲಿ ಅದು ನಡೆಯುವುದಿಲ್ಲ. ಎರಡನೆಯದು, ಇಲ್ಲಿ ಪುಟವೇ ಯಜಮಾನ, ತಲೆಪಟ್ಟಿ ಕರೆದಾಗ ಬರುವ ಅತಿಥಿ. ನಾಳೆ ಬಲಗಡೆ ‘ಇಂದಿನ ತೊಗರಿ ಧಾರಣೆ’ ಎಂಬ ಹೊಸ ಪಟ್ಟಿ ಎಲ್ಲ ಪುಟದಲ್ಲೂ ಬರಲಿ ಎಂದುಕೊಂಡರೆ ಅದನ್ನು ಕರೆಯುವ ಹೊಸ ಸಾಲನ್ನು ಮತ್ತೆ ನಲವತ್ತು ಪುಟಗಳಲ್ಲೂ ಬರೆಯಬೇಕು.

ಎರಡನೆಯದು ಲೇಔಟ್, ಅಚ್ಚಿನ ಪದ್ಧತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೆನಪಿಸಿಕೊಂಡರೆ ಇದು ತಿಳಿಯುತ್ತದೆ. ಮಂಡಳಿ ಅಂಕಪಟ್ಟಿಯ ನಮೂನೆಯನ್ನು ಒಂದೇ ಸಲ ರೂಪಿಸುತ್ತದೆ. ಹೆಸರಿಗೆ ಒಂದು ಖಾಲಿ ಜಾಗ, ನೋಂದಣಿ ಸಂಖ್ಯೆಗೆ ಒಂದು, ಪ್ರತಿ ವಿಷಯದ ಅಂಕಕ್ಕೆ ಒಂದೊಂದು. ವಿದ್ಯಾರ್ಥಿಯ ವಿವರ ಆ ಖಾಲಿ ಜಾಗಗಳಲ್ಲಿ ಬಂದು ಕೂರುತ್ತದೆ. ಇಲ್ಲಿ ಯಜಮಾನ ನಮೂನೆ. ಪುಟದ ಫೈಲಿನಲ್ಲಿ ಬರೀ ವಿಷಯ, ಅದರ ಮೇಲೆ ಊರಿನ ಹೆಸರು, ತಾಲ್ಲೂಕು, ದಿನಾಂಕ ಇಷ್ಟೇ ಇರುತ್ತವೆ. ನಮೂನೆಯಲ್ಲಿ ಬಲಗಡೆಗೆ ತೊಗರಿ ಧಾರಣೆಯ ಪಟ್ಟಿ ಸೇರಿಸಿದರೆ ನಲವತ್ತು ಪುಟದಲ್ಲೂ ತಾನಾಗಿ ಬರುತ್ತದೆ, ಒಂದು ಪುಟವನ್ನೂ ಮುಟ್ಟಬೇಕಾಗಿಲ್ಲ. 2008ರಲ್ಲಿ ಬಂದ ಜೆಕಿಲ್, 2013ರ ಹ್ಯೂಗೊ ಮೊದಲಾದ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಇವು ನಮ್ಮ ಕಂಪ್ಯೂಟರಿನಲ್ಲೇ ನಲವತ್ತೂ ಪುಟಗಳನ್ನು ಒಮ್ಮೆಗೇ ಸಿದ್ಧಮಾಡಿ ಒಂದು ಫೋಲ್ಡರಿನಲ್ಲಿ ಇಡುತ್ತವೆ. ಅದನ್ನು ಎಲ್ಲಿ ಬೇಕಾದರೂ ಏರಿಸಬಹುದು. ಸರ್ವರಿಗೆ ಲೆಕ್ಕಾಚಾರದ ಕೆಲಸವಿಲ್ಲದ್ದರಿಂದ ಪುಟ ಬೇಗ ತೆರೆಯುತ್ತದೆ, ಕಿಡಿಗೇಡಿಗಳು ಒಳನುಗ್ಗುವ ಬಾಗಿಲುಗಳೂ ಕಡಿಮೆ. ಕಷ್ಟವೆಂದರೆ ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯುವ ಅಭ್ಯಾಸ ಬೇಕು. ಎರಡು ವಾರ ಹಿಡಿದರೂ ವಿದ್ಯಾರ್ಥಿ ಕಲಿಯಲೇಬೇಕಾದ ಪದ್ಧತಿ ಇದು. ದೊಡ್ಡ ಕಂಪನಿಗಳ ಯಾವ ತಂತ್ರಾಂಶಕ್ಕೆ ಹೋದರೂ ನಮೂನೆ ಬೇರೆ, ವಿವರ ಬೇರೆ ಎಂಬ ಇದೇ ವಿಚಾರ ಎದುರಾಗುತ್ತದೆ.

ಮೂರನೆಯದು ವರ್ಡ್‌ಪ್ರೆಸ್‌ನಂಥ ವಿಷಯ ನಿರ್ವಹಣಾ ವ್ಯವಸ್ಥೆ. 2003ರಲ್ಲಿ ಆರಂಭವಾದದ್ದು. ಇಲ್ಲಿ ಅಚ್ಚು ಸಿದ್ಧವಾಗಿಯೇ ಸಿಗುತ್ತದೆ, ಅದನ್ನು ಥೀಮ್ ಎನ್ನುತ್ತಾರೆ. ಪುಟಗಳು ಡೇಟಾಬೇಸಿನಲ್ಲಿರುತ್ತವೆ. ಕೋಡ್ ಬಾರದ ಗುಮಾಸ್ತರು, ಶಿಕ್ಷಕರು ಕೂಡ ಲಾಗಿನ್ ಆಗಿ ವಿಷಯ ಬದಲಿಸಬಹುದು. ಇದರ ಬೆಲೆ ಪಾಲನೆ. ವರ್ಡ್‌ಪ್ರೆಸ್ಸನ್ನೂ ಅದಕ್ಕೆ ಅಂಟಿಸಿದ ಪ್ಲಗಿನ್‌ಗಳನ್ನೂ ಕಾಲಕಾಲಕ್ಕೆ ನವೀಕರಿಸದಿದ್ದರೆ ಒಂದು ದಿನ ಊರಿನ ಸೈಟಿನಲ್ಲಿ ಜೂಜಿನ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಇದಕ್ಕೂ ಸರಳವಾದದ್ದು ಗೂಗಲ್ ಸೈಟ್ಸ್. ಶಾಲೆಯ ನಾಲ್ಕೈದು ಪುಟಗಳಿಗೆ ಅದು ಸಾಕು. ಕಲಿಕೆ ಮಾತ್ರ ಅದರಿಂದ ಹೆಚ್ಚಾಗುವುದಿಲ್ಲ.

ಯಾವ ಪದ್ಧತಿ ಆರಿಸಿಕೊಂಡರೂ ಕನ್ನಡದಲ್ಲಿ ಅಚ್ಚು ಮಾಡುವವರಿಗೆ ಒಂದು ವಿಶೇಷ ತೊಡಕು ಕಾದಿರುತ್ತದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ಹೇಳಿಕೊಡುವುದಿಲ್ಲ. ನಮೂನೆಯಲ್ಲಿ ಊರಿನ ಹೆಸರಿಗೆ ಖಾಲಿ ಜಾಗ ಬಿಟ್ಟು, ಅದರ ಮುಂದೆ ‘ದಲ್ಲಿ ನೋಡತಕ್ಕ ಸ್ಥಳಗಳು’ ಎಂದು ಬರೆದರೆ ಚಿತ್ತಾಪುರಕ್ಕೆ ಸರಿಹೋಗುತ್ತದೆ. ಆದರೆ ವಾಡಿಯೂ ಚಿಂಚೋಳಿಯೂ ‘ಯಲ್ಲಿ’ ಕೇಳುತ್ತವೆ. ಸೇಡಂ, ಶಹಾಬಾದ್‌ಗಳಿಗೆ ‘ನಲ್ಲಿ’ ಬೇಕು. ಐದು ಊರಿಗೆ ಮೂರು ಬಗೆಯ ಪ್ರತ್ಯಯ! ಪ್ರೋಗ್ರಾಂ ಬರೆದು ವ್ಯಾಕರಣ ಕಲಿಸಲು ಹೋಗುವುದಕ್ಕಿಂತ ಸುಲಭದ ಉಪಾಯವಿದೆ. ಹೆಸರಿನ ಮುಂದೆ ‘ಪಟ್ಟಣ’ ಸೇರಿಸಿದರೆ ವಾಡಿ ಪಟ್ಟಣದಲ್ಲಿ, ಸೇಡಂ ಪಟ್ಟಣದಲ್ಲಿ, ಚಿಂಚೋಳಿ ಪಟ್ಟಣದಲ್ಲಿ ಎಂದು ಎಲ್ಲವೂ ಒಂದೇ ಅಚ್ಚಿಗೆ ಒಗ್ಗುತ್ತವೆ. ‘ಊರು: ವಾಡಿ’ ಎಂದು ಅರ್ಜಿ ನಮೂನೆಯ ಶೈಲಿಯಲ್ಲಿ ಬರೆದರೂ ಆದೀತು, ಓದಲು ಸ್ವಲ್ಪ ಒಣಗಿದಂತಿರುತ್ತದೆ.

ಅಚ್ಚು ಒಂದೇ ಆದರೂ ಊರುಗಳು ಒಂದೇ ಅಲ್ಲವಲ್ಲ. ಶಹಾಬಾದ್‌ಗೆ ನಗರಸಭೆ, ಉಳಿದವಕ್ಕೆ ಪುರಸಭೆ. ಆದ್ದರಿಂದ ‘ಪುರಸಭೆ’ ಎಂಬ ಮಾತನ್ನು ಅಚ್ಚಿನಲ್ಲಿ ಬರೆಯದೆ, ಅದಕ್ಕೂ ಒಂದು ಖಾಲಿ ಜಾಗ ಬಿಡಬೇಕು. ವಾಡಿಗೆ ತಾಲ್ಲೂಕು ಚಿತ್ತಾಪುರ, ಉಳಿದ ನಾಲ್ಕಕ್ಕೆ ತಮ್ಮ ಹೆಸರೇ ತಾಲ್ಲೂಕು. 2018ರಲ್ಲಿ ಶಹಾಬಾದ್ ತಾಲ್ಲೂಕಾದಾಗ ಬದಲಾಗಬೇಕಾದದ್ದು ಅಚ್ಚಲ್ಲ, ಶಹಾಬಾದಿನ ಒಂದು ವಿವರ ಮಾತ್ರ. ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೋಗುವ ಮಾರ್ಗದಲ್ಲಿ ಚಿತ್ತಾಪುರವೂ ಸೇಡಂ ಊರೂ ಸಿಗುತ್ತವೆ, ಕಲಬುರಗಿಯ ಕಡೆಗೆ ಹೋದರೆ ಶಹಾಬಾದ್ ಬರುತ್ತದೆ. ಚಿಂಚೋಳಿಗೆ ರೈಲಿಲ್ಲ. ಅಚ್ಚಿನಲ್ಲಿ ‘ರೈಲು ನಿಲ್ದಾಣ’ ಎಂಬ ಶೀರ್ಷಿಕೆಯನ್ನು ಕಡ್ಡಾಯವಾಗಿ ಕೂರಿಸಿಬಿಟ್ಟರೆ ಚಿಂಚೋಳಿಯ ಪುಟದಲ್ಲಿ ಶೀರ್ಷಿಕೆಯ ಕೆಳಗೆ ಖಾಲಿ ಜಾಗ ಬಾಯಿತೆರೆದುಕೊಂಡು ಕೂತಿರುತ್ತದೆ. ‘ವಿವರ ಇದ್ದರೆ ಮಾತ್ರ ತೋರಿಸು’ ಎಂಬ ಷರತ್ತು ಹಾಕುವುದನ್ನು ಎಲ್ಲ ಟೆಂಪ್ಲೇಟ್ ಭಾಷೆಗಳೂ ಬಲ್ಲವು. ಹುಡುಗರು ಅದನ್ನು ಹಾಕಲು ಮರೆಯುತ್ತಾರೆ.

ಸರ್ಕಾರದ ತಾಣಗಳನ್ನು ಗಮನಿಸಿದರೆ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. ಕರ್ನಾಟಕದ ನಗರಸಭೆ, ಪುರಸಭೆಗಳ ತಾಣಗಳನ್ನು ಒಂದೊಂದು ಊರೂ ತನಗೆ ತೋಚಿದಂತೆ ಮಾಡಿಕೊಳ್ಳಲಿಲ್ಲ. ಪೌರಾಡಳಿತ ನಿರ್ದೇಶನಾಲಯದ ಪೌರ ಸುಧಾರಣಾ ಕೋಶದ ಆಶ್ರಯದಲ್ಲಿ ಅವು ರೂಪುಗೊಂಡವು. ಮುಂದೆ ಊರಿನ ಹೆಸರು, ಕೊನೆಗೆ ಎಲ್ಲಕ್ಕೂ ‘ಎಂಆರ್‌ಸಿ ಡಾಟ್ ಗವ್ ಡಾಟ್ ಇನ್’ ಎಂಬ ಒಂದೇ ಬಾಲ. ಜಿಲ್ಲಾ ತಾಣಗಳಿಗೆ 1976ರಿಂದ ಇರುವ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ಎನ್ಐಸಿ, ‘ಎಸ್3ವಾಸ್’ ಎಂಬ ಸಾಮಾನ್ಯ ವ್ಯವಸ್ಥೆಯನ್ನು ಕಟ್ಟಿಕೊಟ್ಟಿತು. ಕಲಬುರಗಿ ಜಿಲ್ಲೆಯ ತಾಣ ನೋಡಿದವರಿಗೆ ಬೀದರ್ ಜಿಲ್ಲೆಯದರಲ್ಲಿ ಜಿಲ್ಲಾಡಳಿತ ಎಲ್ಲಿದೆ, ಟೆಂಡರ್ ಎಲ್ಲಿದೆ ಎಂದು ಹುಡುಕಬೇಕಾಗುವುದಿಲ್ಲ. ಎಲ್ಲ ಊರೂ ಒಂದೇ ಮುಖ ಹಾಕಿಕೊಂಡು ಕೂತಂತೆ ಕಾಣುತ್ತದೆಂಬ ದೂರೂ ಉಂಟು. ಮಳಖೇಡದ ಕೋಟೆಗೂ ಚಿಂಚೋಳಿಯ ಕಾಡಿಗೂ ಒಂದೇ ನೀಲಿ ಪಟ್ಟಿ ಸಾಕೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಜನನ ಪ್ರಮಾಣಪತ್ರದ ಅರ್ಜಿ ಹುಡುಕುವವರಿಗೆ ಅಂದಕ್ಕಿಂತ ಅಭ್ಯಾಸ ಮುಖ್ಯ.

ಅಂಧ ವಿದ್ಯಾರ್ಥಿಗಳ ಪಾಲಿಗಂತೂ ಇದು ಬರೀ ಅನುಕೂಲದ ಮಾತಲ್ಲ. ಅವರ ಮೊಬೈಲ್ ಪುಟವನ್ನು ಮೇಲಿನಿಂದ ಕೆಳಕ್ಕೆ ಓದಿ ಹೇಳುತ್ತದೆ. ಒಂದು ಪುಟದಲ್ಲಿ ಮೆನು ಮೇಲೆ, ಇನ್ನೊಂದರಲ್ಲಿ ಪಕ್ಕದಲ್ಲಿ, ಮೂರನೆಯದರಲ್ಲಿ ಕೊಂಡಿಗಳ ಕ್ರಮವೇ ಬೇರೆ ಎಂದಾದರೆ ಪ್ರತಿ ಪುಟದಲ್ಲೂ ಹೊಸದಾಗಿ ದಾರಿ ತಡಕಬೇಕು. ವೆಬ್‌ನ ಅಂತರರಾಷ್ಟ್ರೀಯ ಸುಗಮ್ಯತಾ ಸೂತ್ರಗಳು 2008ರಿಂದಲೂ ಪುಟದಿಂದ ಪುಟಕ್ಕೆ ಮೆನುವಿನ ಕ್ರಮ ಬದಲಾಗಬಾರದೆಂದು ಹೇಳುತ್ತಿವೆ. ಭಾರತ ಸರ್ಕಾರದ ತಾಣಗಳಿಗೆ 2009ರಲ್ಲಿ ಬಂದ ಮಾರ್ಗಸೂಚಿಗಳಲ್ಲೂ ಏಕರೂಪದ ವಿನ್ಯಾಸಕ್ಕೆ ಒತ್ತು ಉಂಟು. ಮೆನುವನ್ನು ದಾಟಿ ನೇರ ವಿಷಯಕ್ಕೆ ಹೋಗಲು ತಲೆಪಟ್ಟಿಯಲ್ಲಿ ಒಂದು ಕೊಂಡಿ ಇಟ್ಟರೆ ಪ್ರತಿ ಪುಟದಲ್ಲೂ ಅದೇ ಮೆನುವನ್ನು ಕೇಳುವ ಶಿಕ್ಷೆ ತಪ್ಪುತ್ತದೆ. ಅಚ್ಚು ಒಂದೇ ಇದ್ದಲ್ಲಿ ಈ ಕೊಂಡಿ ಹಾಕಲು ಐದು ನಿಮಿಷ. ಕಾಪಿ ಮಾಡಿದ ನಲವತ್ತು ಪುಟ ಇದ್ದಲ್ಲಿ ಯಾರೂ ಹಾಕುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಯಾವುದನ್ನು ಆರಿಸಬೇಕು? ಪುಟಗಳ ಸಂಖ್ಯೆ ನೋಡಿ ತೀರ್ಮಾನಿಸುವವರೇ ಹೆಚ್ಚು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಮಾಡಿದವರು ಊರು ಬಿಟ್ಟ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಸೇಡಂ, ಶಹಾಬಾದ್ ಕಡೆಯ ಹುಡುಗರು ಓದು ಮುಗಿಯುತ್ತಲೇ ಹೈದರಾಬಾದ್, ಪುಣೆ, ಬೆಂಗಳೂರಿನ ರೈಲು ಹತ್ತುತ್ತಾರೆ. ಶಾಲೆಗೆಂದು ಮಾಡಿಕೊಟ್ಟ ಸೈಟನ್ನು ಆಮೇಲೆ ಅಲ್ಲಿನ ಮೇಷ್ಟ್ರು ತಿದ್ದಬೇಕು. ಅವರಿಗೆ ಕಪ್ಪು ಪರದೆಯ ಆಜ್ಞೆಗಳನ್ನು ಬಿಟ್ಟುಹೋಗುವುದು ನ್ಯಾಯವಲ್ಲ. ಅಂಥ ಕಡೆ ವರ್ಡ್‌ಪ್ರೆಸ್ ಅಥವಾ ಗೂಗಲ್ ಸೈಟ್ಸ್ ಸರಿ. ತನ್ನ ಕಲಿಕೆಗಾಗಿ, ತಾನೇ ನೋಡಿಕೊಳ್ಳುವ ಸೈಟ್ ಮಾಡುವವರು ಲೇಔಟ್ ಪದ್ಧತಿಯನ್ನೇ ಹಿಡಿಯಬೇಕು. ಕಾಲೇಜಿನ ಸರ್ವರಿನಲ್ಲಿ ಪಿಎಚ್‌ಪಿ ಇದ್ದು, ಪುಟಗಳು ಹತ್ತು ಹದಿನೈದು ಮೀರದಿದ್ದರೆ ಇನ್‌ಕ್ಲೂಡ್‌ನಲ್ಲಿ ಯಾವ ಕೊರತೆಯೂ ಇಲ್ಲ. ಹೊಸಬರು ಮೊದಲ ಮೂರು ನಾಲ್ಕು ಪುಟಗಳನ್ನು ಕೈಯಿಂದಲೇ ಬರೆಯಲಿ. ಯಾವ ಭಾಗ ಮತ್ತೆ ಮತ್ತೆ ಬರುತ್ತದೆಂದು ಬೆರಳಿಗೆ ತಿಳಿಯುವ ಮೊದಲೇ ಅಚ್ಚು ಮಾಡಲು ಹೊರಟರೆ ಅಚ್ಚೇ ಸೊಟ್ಟಗಾಗುತ್ತದೆ.

ಪಾಲಕರಿಗೆ ಇದರಲ್ಲಿ ಏನು ಕೆಲಸ ಎನ್ನಬಹುದು. ಕೋಡ್ ಗೊತ್ತಿಲ್ಲದ ತಂದೆಯೂ ಕೇಳಬಹುದಾದ ಒಂದು ಪ್ರಶ್ನೆ ಇದೆ. ಮಗಳು ಸೈಟ್ ತೋರಿಸುತ್ತಿರುವಾಗ, ‘ಛಂದ ಅದ ಅವ್ವಾ. ಈ ಮ್ಯಾಲಿನ ಪಟ್ಟ್ಯಾಗಿನ ಹೆಸರು ನಾಳೆ ಬದಲಾತಂದ್ರ ಎಷ್ಟು ಕಡಿ ಕೈ ಹಾಕಬೇಕು?’ ಎಂದು ಕೇಳಲಿ. ‘ಒಂದೇ ಕಡಿ ಅಪ್ಪಾ’ ಎಂಬ ಉತ್ತರ ಬಂದರೆ ಮಗಳು ಕಲಿತಿದ್ದಾಳೆ. ‘ನಲವತ್ತು ಕಡಿ’ ಎಂದರೆ ಇನ್ನೂ ಒಂದು ವಾರದ ಕೆಲಸ ಉಳಿದಿದೆ. ವೆಬ್ ಡಿಸೈನ್ ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಶುಲ್ಕ ಕೇಳುವ ತರಬೇತಿ ಕೇಂದ್ರಕ್ಕೆ ಸೇರಿಸುವ ಮೊದಲು ಅಲ್ಲಿಯೂ ಇದೇ ಪ್ರಶ್ನೆ ಕೇಳುವುದರಿಂದ ನಷ್ಟವಿಲ್ಲ. ಎಷ್ಟು ತಂತ್ರಾಂಶಗಳ ಹೆಸರು ಕರಪತ್ರದಲ್ಲಿವೆ ಎಂಬುದಕ್ಕಿಂತ, ಹಿಂದಿನ ವರ್ಷದ ವಿದ್ಯಾರ್ಥಿಗಳು ಮಾಡಿದ ಒಂದು ಸೈಟ್ ತೆರೆಯಿಸಿ, ನಾಲ್ಕು ಪುಟ ತಿರುವಿ, ತಲೆಪಟ್ಟಿ ಎಲ್ಲ ಕಡೆ ಒಂದೇ ಇದೆಯೇ ನೋಡಿದರೆ ಹೆಚ್ಚು ತಿಳಿಯುತ್ತದೆ.

ಕೊನ್ಯಾಗೆ ಅಡಿಪಟ್ಟಿಯ ಒಂದು ಸಾಲು. ‘ಕೊನೆಯ ಪರಿಷ್ಕರಣೆ’ ಎಂದು ದಿನಾಂಕ ತೋರಿಸುವುದು ಒಳ್ಳೆಯ ರೂಢಿ. ಆದರೆ ಹುಡುಗರು ಅದನ್ನು ಅಚ್ಚಿನಲ್ಲಿಯೇ ಇಟ್ಟು, ಇಂದಿನ ದಿನಾಂಕ ತಾನಾಗಿ ಬರುವಂತೆ ಮಾಡಿಬಿಡುತ್ತಾರೆ. ಆಗ ಐದು ವರ್ಷದಿಂದ ಯಾರೂ ಮುಟ್ಟದ ಚಿಂಚೋಳಿಯ ಆಸ್ಪತ್ರೆ ಪುಟವೂ ಈ ದಿನವೇ ತಿದ್ದಿದಂತೆ ಕಾಣುತ್ತದೆ, ಹಳೆಯ ಫೋನ್ ಸಂಖ್ಯೆಗೆ ಹೊಸ ದಿನಾಂಕದ ಮುದ್ರೆ ಬೀಳುತ್ತದೆ. ದಿನಾಂಕಕ್ಕೆ ಅಚ್ಚಿನಲ್ಲಿ ಖಾಲಿ ಜಾಗ ಮಾತ್ರ ಇರಲಿ. ಆ ಪುಟದ ವಿಷಯವನ್ನು ನಿಜವಾಗಿ ನೋಡಿ ತಿದ್ದಿದವರು ತಿದ್ದಿದ ದಿನವನ್ನು ಆ ಪುಟದ ಫೈಲಿನಲ್ಲೇ ಕೈಯಿಂದ ಬರೆಯಲಿ.